‘ಗದ್ಲ ಎಷ್ಟದರೀ?’: ಟ್ಯಾಲಿಸ್ ಪ್ರಶ್ನಾವಳಿ ಕಲಬುರಗಿ ಕಡೆಯ ಶಾಲೆಗೆ ಎಷ್ಟು ಹೊಂದುತ್ತದೆ

‘ನಿಮ್ಮ ಶಾಲೆಯ ವಾತಾವರಣ ಹೇಗಿದೆ?’ ಎಂದು ಕಲಬುರಗಿ, ಬೀದರ, ಯಾದಗಿರಿ ಕಡೆಯ ಶಿಕ್ಷಕರನ್ನು ಕೇಳಿ ನೋಡಿ. ಕಂಪೌಂಡ್ ಗೋಡೆ ಬಿದ್ದಿದೆ, ಬೇವಿನ ಗಿಡ ಚೆನ್ನಾಗಿ ಬಂದಿವೆ, ಶೌಚಾಲಯಕ್ಕೆ ನೀರಿಲ್ಲ ಎಂಬ ಉತ್ತರ ಮೊದಲು ಬರುತ್ತದೆ. ತಪ್ಪು ಅವರದಲ್ಲ. ‘ವಾತಾವರಣ’ ಅಂದರೆ ನಮ್ಮಲ್ಲಿ ಗಾಳಿ, ಬಿಸಿಲು, ಕಟ್ಟಡ, ಸ್ವಚ್ಛತೆ. ಇಲಾಖೆಯ ನಮೂನೆಗಳೂ ಅದನ್ನೇ ಮೊದಲು ಕೇಳಿ ರೂಢಿ ಮಾಡಿಸಿವೆ. ಹಲವು ದೇಶಗಳ ಶಿಕ್ಷಕರನ್ನು ಅವರ ಶಾಲೆಯ ಬಗ್ಗೆ ಕೇಳುವ ಅಂತರರಾಷ್ಟ್ರೀಯ ಸಮೀಕ್ಷೆಯಾದ ಟ್ಯಾಲಿಸ್‌ನ ಪ್ರಶ್ನಾವಳಿ ಕೇಳುವುದು ಬೇರೆ ಸಂಗತಿ: ತರಗತಿಗೆ ಹೋದ ಮೇಲೆ ಮಕ್ಕಳು ಸುಮ್ಮನಾಗಲು ಎಷ್ಟು ಹೊತ್ತು, ಸಹೋದ್ಯೋಗಿಯನ್ನು ನಂಬಬಹುದೇ, ಶಾಲೆಯ ತೀರ್ಮಾನಗಳಲ್ಲಿ ನಿಮ್ಮ ಮಾತು ನಡೆಯುತ್ತದೆಯೇ. ಆದ್ದರಿಂದ ಇದನ್ನು ಬಳಸುವವರು ಮಾಡಬೇಕಾದ ಮೊದಲ ಕೆಲಸ, ಹಾಳೆಯ ತಲೆಬರಹದಿಂದ ‘ವಾತಾವರಣ’ ಶಬ್ದವನ್ನೇ ತೆಗೆದುಹಾಕುವುದು. ‘ನಮ್ಮ ಸಾಲ್ಯಾಗ ಹ್ಯಾಂಗ ನಡದದ’ ಎಂದು ಬರೆದರೂ ಅದಕ್ಕಿಂತ ಸರಿಯಾದ ಉತ್ತರ ಸಿಗುತ್ತದೆ.

ಪ್ರಶ್ನಾವಳಿಯ ಹುಟ್ಟು ಹೀಗೆ. ಪ್ಯಾರಿಸ್‌ನಲ್ಲಿ ಕೇಂದ್ರ ಕಚೇರಿ ಇರುವ ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ) 2008ರಲ್ಲಿ 24 ದೇಶಗಳ ಶಿಕ್ಷಕರನ್ನು ಅವರ ಶಾಲೆಯ ಬಗ್ಗೆ ಮೊದಲ ಸಲ ಕೇಳಿತು. 2013ರಲ್ಲಿ 34 ದೇಶಗಳು ಸೇರಿದವು. 2018ರಲ್ಲಿ 48 ದೇಶ ಹಾಗೂ ಪ್ರದೇಶಗಳ ಸುಮಾರು 15 ಸಾವಿರ ಶಾಲೆಗಳಿಂದ 2.6 ಲಕ್ಷ ಶಿಕ್ಷಕರು ಉತ್ತರ ಕೊಟ್ಟರು. 2024ರ ಸುತ್ತಿನಲ್ಲಿ 55 ಶಿಕ್ಷಣ ವ್ಯವಸ್ಥೆಗಳಿದ್ದವು. ಒಂದು ದೇಶಕ್ಕೆ ಸುಮಾರು 200 ಶಾಲೆ, ಶಾಲೆಗೆ 20 ಶಿಕ್ಷಕರು, ಜೊತೆಗೆ ಮುಖ್ಯ ಶಿಕ್ಷಕರು ಎಂಬುದು ಲೆಕ್ಕ. ಭಾರತ ಇದರಲ್ಲಿ ಭಾಗವಹಿಸಿಲ್ಲ, ಹಾಗಾಗಿ ಅಧಿಕೃತ ಕನ್ನಡ ರೂಪವೂ ಇಲ್ಲ. ಯಾರಾದರೂ ‘ಟ್ಯಾಲಿಸ್ ಕನ್ನಡ ಫಾರ್ಮ್’ ಎಂದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಅದು ಅವರವರ ಅನುವಾದ ಎಂದೇ ತಿಳಿಯಬೇಕು. ಮೂಲ ಪ್ರಶ್ನೆಗಳು, ದೇಶವಾರು ಉತ್ತರಗಳ ದತ್ತಾಂಶ ಎರಡೂ ಒಇಸಿಡಿ ಜಾಲತಾಣದಲ್ಲಿ ದುಡ್ಡಿಲ್ಲದೆ ಸಿಗುತ್ತವೆ.

ಇಡೀ ಪ್ರಶ್ನಾವಳಿ ತುಂಬಲು 45ರಿಂದ 60 ನಿಮಿಷ ಬೇಕು. ಒಂದು ಶಾಲೆಗೆ ಅಷ್ಟೂ ಬೇಡ. ತರಬೇತಿ, ವಿದ್ಯಾರ್ಹತೆ, ಸೇವಾವಧಿಯ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ನಾಲ್ಕು ಗುಂಪುಗಳನ್ನಷ್ಟೇ ಆರಿಸಿಕೊಳ್ಳಿ: ತರಗತಿಯ ಶಿಸ್ತಿನ ನಾಲ್ಕು ವಾಕ್ಯ, ಶಿಕ್ಷಕರು ಮತ್ತು ಮಕ್ಕಳ ಸಂಬಂಧದ ನಾಲ್ಕೈದು ವಾಕ್ಯಗಳಲ್ಲಿ ಎರಡು, ತೀರ್ಮಾನಗಳಲ್ಲಿ ಪಾಲ್ಗೊಳ್ಳುವ ಬಗ್ಗೆ ನಾಲ್ಕೈದು, ಕೊನೆಗೆ ತರಗತಿಯ ಸಮಯ ಹೇಗೆ ಹಂಚಿಹೋಗುತ್ತದೆ ಎಂಬ ಒಂದು ಪ್ರಶ್ನೆ. ಒಂದೇ ಹಾಳೆಯ ಎರಡು ಮಗ್ಗುಲಲ್ಲಿ ಹಿಡಿಯುತ್ತದೆ. ಹದಿನೈದು ನಿಮಿಷದ ಕೆಲಸ.

ಶಿಸ್ತಿನ ಗುಂಪು ಈ ಪ್ರಶ್ನಾವಳಿಯ ಜೀವಾಳ. ಅದರ ನಾಲ್ಕು ವಾಕ್ಯಗಳ ತಾತ್ಪರ್ಯ ಇಷ್ಟು: ಪಾಠ ಶುರು ಮಾಡುವಾಗ ಮಕ್ಕಳು ಸುಮ್ಮನಾಗಲಿ ಎಂದು ಬಹಳ ಹೊತ್ತು ಕಾಯಬೇಕಾಗುತ್ತದೆ, ಈ ತರಗತಿಯ ಮಕ್ಕಳು ಕಲಿಯಲು ಹಿತವಾಗುವಂತೆ ನಡೆದುಕೊಳ್ಳುತ್ತಾರೆ, ಮಕ್ಕಳು ನಡುವೆ ಅಡ್ಡಿಪಡಿಸುವುದರಿಂದ ಬಹಳ ಸಮಯ ಹಾಳಾಗುತ್ತದೆ, ಈ ತರಗತಿಯಲ್ಲಿ ಅಡಚಣೆಯಾಗುವಷ್ಟು ಗದ್ದಲ ಇರುತ್ತದೆ. ಪ್ರತಿಯೊಂದಕ್ಕೂ ‘ಒಪ್ಪುವುದೇ ಇಲ್ಲ’ದಿಂದ ‘ಪೂರ್ತಿ ಒಪ್ಪುತ್ತೇನೆ’ವರೆಗೆ ನಾಲ್ಕು ಮನೆ. ನಡುವಿನ ‘ಹೇಳಲಾಗದು’ ಎಂಬ ಮನೆ ಬೇಕೆಂದೇ ಇಟ್ಟಿಲ್ಲ, ಇಟ್ಟಿದ್ದರೆ ನಮ್ಮ ಕಡೆ ಅರ್ಧ ಸ್ಟಾಫ್ ಅಲ್ಲೇ ಟಿಕ್ ಹಾಕಿ ಎದ್ದುಹೋಗುತ್ತಿತ್ತು.

ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಒಂದು, ಎರಡನೆಯ ವಾಕ್ಯ ಒಳ್ಳೆಯದನ್ನು ಹೇಳುತ್ತದೆ, ಉಳಿದ ಮೂರು ಕೆಟ್ಟದ್ದನ್ನು ಹೇಳುತ್ತವೆ. ಅಂಕಗಳನ್ನು ಹಾಗೇ ಕೂಡಿದರೆ ಲೆಕ್ಕ ತಲೆಕೆಳಗಾಗುತ್ತದೆ. 1ರಿಂದ 4 ಅಂಕ ಕೊಟ್ಟಿದ್ದರೆ ಎರಡನೆಯ ವಾಕ್ಯದ ಅಂಕವನ್ನು 5ರಿಂದ ಕಳೆದು ಆಮೇಲೆ ಕೂಡಬೇಕು. 4 ಬಂದಿದ್ದರೆ 1, 3 ಬಂದಿದ್ದರೆ 2. ಎಕ್ಸೆಲ್‌ನಲ್ಲಿ ಮಾಡುವವರು ಹೆಚ್ಚಾಗಿ ಎಡವುವುದು ಇಲ್ಲೇ, ಯಾಕೆಂದರೆ ಮೊತ್ತ ನೋಡಲು ತಪ್ಪು ಅನ್ನಿಸುವುದಿಲ್ಲ. ಎರಡು, ‘ಗದ್ದಲ’ ಯಾರದು? ಮೂಲದಲ್ಲಿ ಅದು ತರಗತಿಯೊಳಗಿನ ಗದ್ದಲ. ನಮ್ಮಲ್ಲಿ ಒಂದು ಹಾಲ್‌ನಲ್ಲಿ ಎರಡು ತರಗತಿ ಕೂತಿರುತ್ತವೆ, ಪಕ್ಕದ ಕೋಣೆಯಲ್ಲಿ ಮಗ್ಗಿ ನಡೆದಿರುತ್ತದೆ, ತಗಡಿನ ಮೇಲೆ ಮಳೆ ಬಿದ್ದರೆ ಮಾಸ್ತರರ ದನಿ ಮುಂದಿನ ಸಾಲಿಗೂ ಕೇಳುವುದಿಲ್ಲ. ಇವೆಲ್ಲ ಸೇರಿ ಒಂದೇ ಟಿಕ್ ಆದರೆ, ಮಕ್ಕಳ ನಡತೆ ಸರಿಯಿಲ್ಲ ಎಂದು ಓದಿಕೊಳ್ಳುವ ಅಪಾಯವಿದೆ. ಆ ವಾಕ್ಯವನ್ನು ಒಡೆಯುವುದೇ ಮದ್ದು: ‘ಈ ತರಗತಿ ಮಕ್ಕಳ ಗದ್ಲದಿಂದ ಪಾಠಕ್ಕೆ ಅಡಚಣಿ ಆಗತದ’ ಒಂದು, ‘ಹೊರಗಿನ ಅಥವಾ ಬಾಜೂ ಕೋಣೆಯ ಸಪ್ಪಳದಿಂದ ಆಗತದ’ ಇನ್ನೊಂದು. ಒಡೆದ ಮೇಲೆ ಬೇರೆ ದೇಶದ ಅಂಕಿಯ ಪಕ್ಕ ಅದನ್ನು ಇಡುವಂತಿಲ್ಲ. ಇಟ್ಟು ಆಗಬೇಕಾದದ್ದೂ ಏನಿಲ್ಲ, ಕಾರಣ ಮುಂದಿದೆ.

ಯಾವ ತರಗತಿಯ ಬಗ್ಗೆ ಉತ್ತರಿಸಬೇಕು ಎಂಬುದಕ್ಕೆ ಟ್ಯಾಲಿಸ್ ಒಂದು ಜಾಣ ನಿಯಮ ಇಟ್ಟಿದೆ: ಕಳೆದ ಮಂಗಳವಾರ ಬೆಳಿಗ್ಗೆ 11ರ ನಂತರ ನೀವು ತೆಗೆದುಕೊಂಡ ಮೊದಲ ತರಗತಿ. ಮಂಗಳವಾರ ಪಾಠ ಇರದಿದ್ದರೆ ಅದರ ನಂತರದ ದಿನದ್ದು. ಈ ನಿಯಮ ಇರದಿದ್ದರೆ ಎಲ್ಲರೂ ತಮ್ಮ ಒಳ್ಳೆಯ ತರಗತಿಯನ್ನೋ, ಸಿಟ್ಟು ಬರಿಸಿದ ತರಗತಿಯನ್ನೋ ಮನಸ್ಸಲ್ಲಿಟ್ಟುಕೊಂಡು ಬರೆಯುತ್ತಾರೆ. ನಮ್ಮ ಶಾಲೆಗಳಿಗೂ ಇದು ಹಾಗೇ ಒಗ್ಗುತ್ತದೆ. ಶರಣಬಸವೇಶ್ವರ ಜಾತ್ರೆಯ ವಾರ ಮಾತ್ರ ಬೇಡ. ಆ ವಾರದ ಹಾಜರಿ ನೋಡಿ ಯಾವ ತರಗತಿಯ ಬಗ್ಗೆಯೂ ಏನೂ ಹೇಳಲಾಗದು. ತೊಗರಿ ರಾಶಿ, ಹತ್ತಿ ಬಿಡಿಸುವ ದಿನಗಳಿಗೂ ಇದೇ ಮಾತು. ಸುರಪುರ, ಶಹಾಪುರ ಕಡೆಯ ತರಗತಿಯಲ್ಲಿ ಅರ್ಧ ಬೆಂಚು ಖಾಲಿ ಇರುವಾಗ ‘ಗದ್ದಲ ಇಲ್ಲ’ ಎಂಬ ಉತ್ತರ ಬಂದರೆ ಅದನ್ನು ಶಿಸ್ತು ಎನ್ನಲಾದೀತೇ?

ಸಂಬಂಧದ ಗುಂಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಶಿಕ್ಷಕರು ಮತ್ತು ಮಕ್ಕಳು ಸಾಮಾನ್ಯವಾಗಿ ಹೊಂದಿಕೊಂಡು ಹೋಗುತ್ತಾರೆ’ ಎಂಬ ವಾಕ್ಯವನ್ನು ಜಗತ್ತಿನಾದ್ಯಂತ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಶಿಕ್ಷಕರು ಒಪ್ಪುತ್ತಾರೆ. ಎಲ್ಲರೂ ಪಾಸಾಗುವ ಪರೀಕ್ಷೆಯಿಂದ ಯಾರ ಮಟ್ಟವೂ ತಿಳಿಯುವುದಿಲ್ಲ. ಈ ಗುಂಪಿನಲ್ಲಿ ಇಟ್ಟುಕೊಳ್ಳಬೇಕಾದವು ಎರಡೇ: ‘ಶಿಕ್ಷಕರು ಒಬ್ಬರನ್ನೊಬ್ಬರು ನೆಚ್ಚಿಕೊಳ್ಳಬಹುದು’ ಮತ್ತು ‘ಮಗುವಿಗೆ ಹೆಚ್ಚಿನ ಸಹಾಯ ಬೇಕಾದರೆ ಶಾಲೆ ಒದಗಿಸುತ್ತದೆ’. ಎರಡನೆಯದರಲ್ಲೂ ಒಂದು ತೊಡಕು. ಅನೇಕ ದೇಶಗಳಲ್ಲಿ ‘ಶಾಲೆ’ ಅಂದರೆ ಆಪ್ತ ಸಲಹೆಗಾರರು, ವಿಶೇಷ ಶಿಕ್ಷಕರು, ಸಹಾಯಕ ಸಿಬ್ಬಂದಿ. ನಾಲ್ಕು ಜನರಿರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ‘ಶಾಲೆ’ ಅಂದರೆ ಉತ್ತರ ಬರೆಯುತ್ತಿರುವ ಮೇಡಂ ಅವರೇ. ತಮ್ಮನ್ನು ತಾವೇ ಒಪ್ಪಬೇಕೋ ಬಿಡಬೇಕೋ ಎಂಬ ಪೇಚಿಗೆ ಸಿಲುಕುತ್ತಾರೆ. ‘ಪಾಠದಲ್ಲಿ ಹಿಂದುಳಿದ ಮಗುವಿಗೆ ನನ್ನ ಹೊರತು ಇನ್ನೊಬ್ಬರ ಸಹಾಯ ಸಿಗುತ್ತದೆ’ ಎಂದು ಬದಲಿಸಿದರೆ ಉತ್ತರಕ್ಕೆ ಅರ್ಥ ಬರುತ್ತದೆ.

ಪಾಲ್ಗೊಳ್ಳುವಿಕೆಯ ಗುಂಪು ನಮ್ಮಲ್ಲಿ ಹೆಚ್ಚು ಕೆಲಸಕ್ಕೆ ಬರುವಂಥದ್ದು, ಹಾಗೇ ಬಳಸಿದರೆ ಹೆಚ್ಚು ಸುಳ್ಳು ಹೇಳುವಂಥದ್ದು ಕೂಡ. ‘ಶಾಲೆಯ ತೀರ್ಮಾನಗಳಲ್ಲಿ ಸಿಬ್ಬಂದಿಗೆ ಪಾಲ್ಗೊಳ್ಳುವ ಅವಕಾಶ ಇದೆ’ ಎಂದರೆ ಎಲ್ಲರೂ ಹೌದೆನ್ನುತ್ತಾರೆ, ಏಕೆಂದರೆ ಸ್ಟಾಫ್ ಮೀಟಿಂಗ್ ನಡೆಯುತ್ತದೆ, ನಡಾವಳಿ ಪುಸ್ತಕದಲ್ಲಿ ಸಹಿ ಇರುತ್ತದೆ. ಮೀಟಿಂಗ್‌ನಲ್ಲಿ ನಡೆದದ್ದು ಸುತ್ತೋಲೆ ಓದಿದ್ದಷ್ಟೇ ಇರಬಹುದು. ಆದ್ದರಿಂದ ‘ತೀರ್ಮಾನ’ ಎಂಬ ಒಂದು ಶಬ್ದವನ್ನು ನಾಲ್ಕಾಗಿ ಬಿಡಿಸಿ: ವೇಳಾಪಟ್ಟಿ ಮಾಡುವಾಗ ನಿಮ್ಮನ್ನು ಕೇಳುತ್ತಾರೆಯೇ, ಯಾವ ತರಗತಿ ಯಾರಿಗೆ ಎನ್ನುವಾಗ, ಶಾಲೆಗೆ ಬಂದ ಅನುದಾನದಲ್ಲಿ ಏನು ತರಬೇಕು ಎನ್ನುವಾಗ, ಒಒಡಿ (ಶಾಲೆಯ ಹೊರಗಿನ ಅನ್ಯ ಕರ್ತವ್ಯ) ಮೇಲೆ ಯಾರನ್ನು ಕಳಿಸಬೇಕು ಎನ್ನುವಾಗ. ಬಿಡಿಸಿದ ಕೂಡಲೇ ಉತ್ತರಗಳು ಬೇರೆ ಬೇರೆ ದಿಕ್ಕಿಗೆ ಹೋಗುವುದು ಕಾಣುತ್ತದೆ. ಅತಿಥಿ ಶಿಕ್ಷಕರ ಉತ್ತರ ಕಾಯಂ ಶಿಕ್ಷಕರ ಉತ್ತರದಿಂದ ಎಲ್ಲಿ ದೂರ ಸರಿಯುತ್ತದೆ ಎಂಬುದೂ ಇಲ್ಲೇ ಗೊತ್ತಾಗುವುದು. ಪಾಲಕರ ಪಾಲ್ಗೊಳ್ಳುವಿಕೆಯ ವಾಕ್ಯವನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ನಡೆಯಿತೇ ಎಂಬುದಕ್ಕೆ ಜೋಡಿಸಬೇಡಿ. ತಾಯಿ ತಂದೆ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗಿ ಮಗು ಅಜ್ಜಿಯ ಹತ್ತಿರ ಉಳಿದಿದ್ದರೆ ‘ಪಾಲಕರು’ ಯಾರು ಎಂಬುದನ್ನೂ ಹಾಳೆಯಲ್ಲಿ ಸ್ಪಷ್ಟ ಮಾಡಬೇಕು.

ಇಡೀ ಪ್ರಶ್ನಾವಳಿಯಲ್ಲಿ ನಮಗೆ ಒಳ್ಳೆಯದೆನಿಸಿದ್ದು ಸಮಯದ ಪ್ರಶ್ನೆ. ಆ ತರಗತಿಯ ಒಟ್ಟು ಸಮಯವನ್ನು 100 ಎಂದಿಟ್ಟುಕೊಂಡು ಹಾಜರಿಯಂಥ ಕಚೇರಿ ಕೆಲಸಕ್ಕೆ ಎಷ್ಟು, ಶಿಸ್ತು ಕಾಯಲು ಎಷ್ಟು, ನಿಜವಾದ ಕಲಿಕೆಗೆ ಎಷ್ಟು ಎಂದು ಹಂಚಬೇಕು. ಮೂರೂ ಕೂಡಿ 100 ಆಗಲೇಬೇಕು. ‘ಒಪ್ಪುತ್ತೇನೆ’ ಎನ್ನುವ ಸೌಜನ್ಯಕ್ಕೆ ಇಲ್ಲಿ ಜಾಗವಿಲ್ಲ, ಸಂಖ್ಯೆ ಬರೆಯಬೇಕು. 2018ರಲ್ಲಿ ಒಇಸಿಡಿ ದೇಶಗಳ ಸರಾಸರಿ ಕ್ರಮವಾಗಿ ಶೇ 8, 13, 78. 2013ರಲ್ಲಿ ಬ್ರೆಜಿಲ್‌ನ ಶಿಕ್ಷಕರು ಶೇ 12, 20, 67 ಎಂದು ಬರೆದಿದ್ದರು. 40 ನಿಮಿಷದ ಪೀರಿಯಡ್‌ಗೆ ಇಳಿಸಿದರೆ ಶೇ 13 ಅಂದರೆ ಐದು ನಿಮಿಷದ ಮೇಲೆ ಸ್ವಲ್ಪ, ಶೇ 20 ಅಂದರೆ ಎಂಟು ನಿಮಿಷ. ಶಿಕ್ಷಕರಿಗೆ ಕೊಡುವಾಗ ಶೇಕಡಾ ಬಿಟ್ಟು ನಿಮಿಷದಲ್ಲೇ ಕೇಳಿ, ಮೊತ್ತ ಪೀರಿಯಡ್‌ನ ನಿಮಿಷಕ್ಕೆ ತಾಳೆಯಾಗಲಿ. ಹಾಜರಿ, ಹಾಲು, ಮೊಟ್ಟೆ, ಇಲಾಖೆಯ ವಿದ್ಯಾರ್ಥಿ ದಾಖಲೆಯ ಜಾಲತಾಣ ಎಸ್‌ಎಟಿಎಸ್‌ಗೆ ಬೇಕಾದ ಮಾಹಿತಿ ಬರೆದುಕೊಳ್ಳುವುದು, ನಡುವೆ ಬಂದ ಫೋನಿಗೆ ಉತ್ತರ ಕೊಡುವುದು, ಎಲ್ಲವೂ ಮೊದಲ ಮನೆಗೆ. ಹಾಗೆಂದು ಹಾಳೆಯ ಮೇಲೇ ಅಚ್ಚು ಹಾಕದಿದ್ದರೆ ಹಲವರು ಇದನ್ನೆಲ್ಲ ಪಾಠದ ಸಮಯದಲ್ಲೇ ಸೇರಿಸಿಬಿಡುತ್ತಾರೆ.

ಇನ್ನು ದೇಶ ದೇಶಗಳ ಹೋಲಿಕೆ. ಪತ್ರಿಕೆಗಳಲ್ಲಿ ಹೆಚ್ಚು ಕಾಣುವ ಅಂಕಿ, ‘ಸಮಾಜದಲ್ಲಿ ಶಿಕ್ಷಕ ವೃತ್ತಿಗೆ ಬೆಲೆ ಇದೆ’ ಎಂಬ ವಾಕ್ಯದ್ದು. 2018ರಲ್ಲಿ ಒಇಸಿಡಿ ಸರಾಸರಿ ಶೇ 26. ವಿಯೆಟ್ನಾಂನಲ್ಲಿ ಶೇ 92, ಸಿಂಗಪುರದಲ್ಲಿ ಶೇ 72, ಫಿನ್ಲೆಂಡ್‌ನಲ್ಲಿ ಶೇ 58, ಫ್ರಾನ್ಸ್‌ನಲ್ಲಿ ಶೇ 7ರ ಆಸುಪಾಸು. ಅದೇ ಸುತ್ತಿನಲ್ಲಿ ಒಟ್ಟಾರೆ ಕೆಲಸದ ಬಗ್ಗೆ ತೃಪ್ತಿ ಇದೆಯೇ ಎಂದರೆ ಸರಾಸರಿ ಹತ್ತರಲ್ಲಿ ಒಂಬತ್ತು ಜನ ಹೌದೆಂದಿದ್ದಾರೆ. ಮರ್ಯಾದೆ ಇಲ್ಲ, ಆದರೂ ಕೆಲಸ ಹಿಡಿಸಿದೆ. ಈ ಜೋಡಿ ಉತ್ತರ ನಮ್ಮ ಸ್ಟಾಫ್ ರೂಮಿನವರಿಗೆ ಹೊಸದೇನಲ್ಲ. 2018ರಲ್ಲಿ ಜಪಾನಿನ ಶಿಕ್ಷಕರು ವಾರಕ್ಕೆ 56 ಗಂಟೆ ದುಡಿಯುತ್ತಿದ್ದರು, ಸರಾಸರಿ ದೇಶದವರು 38 ಗಂಟೆ. ತರಗತಿ ಶಾಂತವಾಗಿದೆ ಎನ್ನುವ ಜಪಾನಿನವರೇ ‘ಮಕ್ಕಳಲ್ಲಿ ಕಲಿಯುವ ಹುಮ್ಮಸ್ಸು ತರಬಲ್ಲಿರಾ’ ಎಂಬಂಥ ಪ್ರಶ್ನೆಗೆ ತಮಗೆ ತಾವೇ ತೀರಾ ಕಡಿಮೆ ಅಂಕ ಕೊಟ್ಟುಕೊಳ್ಳುತ್ತಾರೆ. ತಮ್ಮನ್ನು ತಾವು ಹೊಗಳಿಕೊಳ್ಳಬಾರದೆಂಬ ಸಂಕೋಚ ಅದರಲ್ಲಿ ಎಷ್ಟು, ನಿಜವಾದ ಅಳುಕು ಎಷ್ಟು ಎಂದು ಬಿಡಿಸಿ ಹೇಳಲು ಈ ಹಾಳೆಯಿಂದ ಆಗದು.

ಇದು ಸಂಖ್ಯಾಶಾಸ್ತ್ರದವರಿಗೂ ಗೊತ್ತಿರುವ ತೊಡಕು. ಗಂಜಿನ (ಕಾಳು ಮಾರುವ ಪೇಟೆಯ) ಅಡತಿ ಅಂಗಡಿಗಳ ತಕ್ಕಡಿ ನೆನೆಸಿಕೊಳ್ಳಿ. ಎಲ್ಲ ತಕ್ಕಡಿಯಲ್ಲೂ ಒಂದು ಕಿಲೋ ಒಂದೇ ಕಿಲೋ, ಆದರೆ ಮುಳ್ಳು ಒಂದೊಂದು ಅಂಗಡಿಯಲ್ಲಿ ಒಂದೊಂದು ಕಡೆಯಿಂದ ಶುರುವಾಗುತ್ತದೆ ಎನ್ನಿ. ಒಂದೇ ಅಂಗಡಿಯಲ್ಲಿ ತೂಗಿದ ಎರಡು ಚೀಲ ತೊಗರಿಯ ನಡುವಿನ ಅಂತರ ಖರೆ. ಈ ಅಂಗಡಿಯ ಚೀಲವನ್ನು ಆ ಅಂಗಡಿಯ ಚೀಲದ ಜೊತೆ ಹೋಲಿಸಿದರೆ ಜಗಳ. ಟ್ಯಾಲಿಸ್‌ನ ಬಹುತೇಕ ಅಳತೆಪಟ್ಟಿಗಳು ಈ ಸ್ಥಿತಿಯಲ್ಲೇ ಇವೆ. ಹಾಗಾಗಿ ಶಿಸ್ತಿನ ವಾತಾವರಣದಲ್ಲಿ ಯಾವ ದೇಶ ಮೊದಲು, ಯಾವುದು ಕೊನೆ ಎಂದು ಆ ಸರಾಸರಿ ಅಂಕಗಳ ಮೇಲೆ ಸಾಲುಗಟ್ಟಿಸುವುದನ್ನು ಒಇಸಿಡಿ ವರದಿಗಳೇ ತಪ್ಪಿಸುತ್ತವೆ. ಒಂದು ದೇಶದೊಳಗೆ ಶಿಸ್ತು ಮತ್ತು ತೃಪ್ತಿ ಜೊತೆಜೊತೆಗೆ ಏರುತ್ತವೆಯೇ ಎಂಬುದನ್ನು ನೋಡುತ್ತವೆ. ನಮ್ಮಲ್ಲಿ ಯಾರಾದರೂ ಸೇಡಂ ಶಾಲೆಗೆ 3.1, ಹೆಲ್ಸಿಂಕಿ ಶಾಲೆಗೆ 2.9 ಎಂದು ಸ್ಲೈಡ್ ತೋರಿಸಿದರೆ ಅದರಿಂದ ಏನೂ ತಿಳಿದಂತಾಗಲಿಲ್ಲ.

ಐದರಲ್ಲಿ ಅಂಕ ಕೊಡಬೇಕೆಂದರೆ: ಒಂದು ಶಾಲೆ ತನ್ನೊಳಗೆ ತಾನು ನೋಡಿಕೊಳ್ಳಲು ನಾಲ್ಕು, ಶಾಲೆ ಶಾಲೆಗಳನ್ನು ಹೋಲಿಸಲು ಎರಡು, ದೇಶದ ಜೊತೆ ಹೋಲಿಸಲು ಒಂದೂ ಬೇಡ.

ಶಾಲೆಗಳು ತಮ್ಮನ್ನು ತಾವೇ ಅಳೆದುಕೊಳ್ಳುವ ರಾಷ್ಟ್ರಮಟ್ಟದ ನಮೂನೆ ಶಾಲಾ ಸಿದ್ಧಿ ಇರುವಾಗ ಇದೇಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 2015ರ ನವೆಂಬರ್‌ನಲ್ಲಿ ಬಂದ ಶಾಲಾ ಸಿದ್ಧಿಯಲ್ಲಿ 7 ಕ್ಷೇತ್ರ, 46 ಮಾನಕಗಳಿವೆ. ಮೊದಲ ಕ್ಷೇತ್ರದ 12 ಮಾನಕಗಳೂ ಕಟ್ಟಡ, ಆಟದ ಮೈದಾನ, ಗ್ರಂಥಾಲಯ, ನೀರು, ಶೌಚಾಲಯದಂಥ ಸೌಕರ್ಯಗಳವು. ಅದನ್ನು ಶಾಲೆಯ ಪರವಾಗಿ ತುಂಬುವುದು, ಅಂದರೆ ಒಂದು ಶಾಲೆಗೆ ಒಂದು ಉತ್ತರ. ಟ್ಯಾಲಿಸ್‌ನಲ್ಲಿ ಒಬ್ಬೊಬ್ಬ ಶಿಕ್ಷಕರಿಗೆ ಒಂದೊಂದು ಉತ್ತರ. ಎಂಟು ಜನರ ಶಾಲೆಯಲ್ಲಿ ಐವರು ‘ಎಲ್ಲ ಸರಿ ಅದ’ ಎಂದು, ಮೂವರು ‘ಏನೂ ಸರಿ ಇಲ್ಲ’ ಎಂದು ಬರೆದರೆ ಶಾಲಾ ಸಿದ್ಧಿಯಲ್ಲಿ ಅದು ಕಾಣುವುದಿಲ್ಲ, ಇಲ್ಲಿ ಕಾಣುತ್ತದೆ. ಆ ಮೂವರು ಹೇಳುವುದಕ್ಕಾಗಿಯೇ ಈ ಹಾಳೆ.

ಅವರು ಹೇಳಬೇಕಾದರೆ ಹೆಸರು ಸಿಕ್ಕಿಬೀಳುವ ಭಯ ಇರಬಾರದು. 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೆ ಕೊನೆ ಬಂದ ಮೇಲೆ ಪ್ರೌಢಶಾಲೆಗಳ ಮೇಲೆ ನೋಟಿಸು, ಸಭೆಗಳ ಒತ್ತಡ ಹೆಚ್ಚಿದೆ. ಯಾವ ಕಾಗದ ಬಂದರೂ ‘ಇದು ಮೇಲೆ ಹೋಗುತ್ತದೆ’ ಎಂಬ ಅನುಮಾನ ಸಹಜ. ಟ್ಯಾಲಿಸ್ ನಮೂನೆಯ ಆರಂಭದಲ್ಲಿ ಲಿಂಗ, ವಯಸ್ಸು, ಸೇವಾವಧಿ, ವಿಷಯ ಕೇಳುತ್ತಾರೆ. 200 ಶಾಲೆಯ ಸಮೀಕ್ಷೆಗೆ ಅದು ಸರಿ. ಒಂಬತ್ತು ಜನರ ಶಾಲೆಯಲ್ಲಿ ‘ಮಹಿಳೆ, ಉರ್ದು, 12 ವರ್ಷ’ ಎಂದರೆ ಹೆಸರು ಬರೆದಂತೆಯೇ. ಈ ನಾಲ್ಕನ್ನೂ ತೆಗೆಯಿರಿ. ಕಾಯಂ ಮತ್ತು ಅತಿಥಿ ಎಂಬ ಭೇದ ಬೇಕೆಂದರೆ ಎರಡೂ ಕಡೆ ಕನಿಷ್ಠ ಐವರಿದ್ದರೆ ಮಾತ್ರ ಇಡಿ.

ಗೂಗಲ್ ಫಾರ್ಮ್ ಬಳಸುವವರು ಇಮೇಲ್ ಸಂಗ್ರಹಿಸುವ ಆಯ್ಕೆಯನ್ನು ಮುಚ್ಚಬೇಕು. ‘ಒಬ್ಬರಿಗೆ ಒಂದೇ ಉತ್ತರ’ ಎಂಬುದನ್ನೂ ಬಿಡಬೇಕು, ಅದಕ್ಕೆ ಲಾಗಿನ್ ಬೇಕಾಗುತ್ತದೆ, ಲಾಗಿನ್ ಕೇಳಿದ ಕೂಡಲೇ ಜನ ಎಚ್ಚರಾಗುತ್ತಾರೆ. ನಮ್ಮ ಮಟ್ಟಿಗೆ ಕಾಗದವೇ ಮೇಲು. ಎಲ್ಲರಿಗೂ ಒಂದೇ ಬಣ್ಣದ ಪೆನ್ನು, ಬರೀ ಟಿಕ್ ಮತ್ತು ಸಂಖ್ಯೆ, ಕೈಬರಹದ ವಾಕ್ಯ ಬೇಡ. ಹಾಳೆ ಮಡಚಿ ಡಬ್ಬಿಗೆ ಹಾಕುವುದು. ಮುಖ್ಯ ಶಿಕ್ಷಕರು ಆ ಹದಿನೈದು ನಿಮಿಷ ಕೋಣೆಯಲ್ಲಿರಬಾರದು, ಸಿಆರ್‌ಪಿ (ಇಲಾಖೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೈಗೂ ಡಬ್ಬಿ ಹೋಗಬಾರದು. ಎಣಿಸುವುದನ್ನು ಶಿಕ್ಷಕರೇ ಆರಿಸಿದ ಇಬ್ಬರು ಮಾಡಲಿ. ಪ್ರಭಾರ ಮುಖ್ಯ ಶಿಕ್ಷಕರಿದ್ದರೆ ಅವರು ಪಾಠವನ್ನೂ ಮಾಡುತ್ತಾರೆ, ಹಾಗಾದರೆ ಅವರದು ಯಾವ ಹಾಳೆ? ಟ್ಯಾಲಿಸ್‌ನಲ್ಲಿ ಮುಖ್ಯ ಶಿಕ್ಷಕರಿಗೆ ಬೇರೆ ಪ್ರಶ್ನಾವಳಿ ಇದೆ. ಚಿಕ್ಕ ಶಾಲೆಯಲ್ಲಿ ಅವರನ್ನು ಎಣಿಕೆಯಿಂದ ಹೊರಗಿಡುವುದೇ ಸುರಳೀತ.

ಔರಾದ್, ಭಾಲ್ಕಿ ಕಡೆಯ ಮರಾಠಿ ಮಾಧ್ಯಮ, ಕಲಬುರಗಿ ಮತ್ತು ಬೀದರ ನಗರದ ಉರ್ದು ಮಾಧ್ಯಮದ ಶಾಲೆಗಳಿಗೆ ಕನ್ನಡದ ಹಾಳೆಯನ್ನೇ ದೂಡಬೇಡಿ. ಒಬ್ಬರು ಅನುವಾದ ಮಾಡಲಿ, ಮೂಲ ನೋಡದ ಇನ್ನೊಬ್ಬರು ಅದನ್ನು ಮರಳಿ ಕನ್ನಡಕ್ಕೆ ತರಲಿ. ಎರಡು ಕನ್ನಡ ಪಠ್ಯ ಎಲ್ಲಿ ಬೇರೆಯಾಗುತ್ತವೋ ಅಲ್ಲಿ ವಾಕ್ಯ ತಿದ್ದಬೇಕು. ‘ಒಪ್ಪುವುದಿಲ್ಲ’ ಮತ್ತು ‘ಒಪ್ಪುವುದೇ ಇಲ್ಲ’ದ ನಡುವಿನ ಅಂತರ ಹೆಚ್ಚಾಗಿ ಇಲ್ಲಿಯೇ ಕಳೆದುಹೋಗುತ್ತದೆ.

ಎಣಿಸುವಾಗ ಸರಾಸರಿ ತೆಗೆಯಬೇಡಿ. ಎಂಟು ಜನರಲ್ಲಿ ನಾಲ್ವರು 2, ನಾಲ್ವರು 3 ಎಂದರೂ ಸರಾಸರಿ 2.5. ನಾಲ್ವರು 1, ನಾಲ್ವರು 4 ಎಂದರೂ 2.5. ಮೊದಲನೆಯದು ಸಾಮಾನ್ಯ ಶಾಲೆ, ಎರಡನೆಯದು ಎರಡು ಗುಂಪಾಗಿ ಒಡೆದ ಶಾಲೆ. ಶೇಕಡಾವಾರೂ ಬೇಡ. ಎಂಟು ಜನರಲ್ಲಿ ಒಬ್ಬರು ಮನಸ್ಸು ಬದಲಿಸಿದರೆ ಶೇ 12.5 ಅಲ್ಲಾಡುತ್ತದೆ, ವರದಿ ಓದುವವರು ದೊಡ್ಡ ಬದಲಾವಣೆ ಎಂದುಕೊಳ್ಳುತ್ತಾರೆ. ಪ್ರತಿ ವಾಕ್ಯದ ಎದುರು ನಾಲ್ಕು ಮನೆಯಲ್ಲಿ ಗೀಟು ಹಾಕಿ ಎಷ್ಟೆಷ್ಟು ಜನ ಎಂದು ಬರೆದರೆ ಸಾಕು. ಅರ್ಧಕ್ಕಿಂತ ಕಡಿಮೆ ಜನ ಹಾಳೆ ಹಾಕಿದ್ದರೆ ಎಣಿಸಲೇಬೇಡಿ. ಟ್ಯಾಲಿಸ್‌ನಲ್ಲೂ ಕನಿಷ್ಠ ಶೇ 50ರಷ್ಟು ಶಿಕ್ಷಕರಾದರೂ ಉತ್ತರಿಸದ ಶಾಲೆಯನ್ನು ಭಾಗವಹಿಸಿದ ಶಾಲೆಯೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸಮಯದ ವಿಷಯದಲ್ಲಿ ಮೂಲವನ್ನು ಅನುಸರಿಸುವುದು ಬೇಡ. 2018ರ ಸುತ್ತಿನಲ್ಲಿ ಉತ್ತರಾರ್ಧಗೋಳದ ದೇಶಗಳು ಮಾರ್ಚ್‌ನಿಂದ ಮೇ ತನಕ, ಅಂದರೆ ಅವರ ಶಾಲಾ ವರ್ಷದ ಕೊನೆಯ ಭಾಗದಲ್ಲಿ ಹಾಳೆ ತುಂಬಿಸಿದವು. ನಮ್ಮಲ್ಲಿ ಮಾರ್ಚ್ ಅಂದರೆ ಎಸ್ಸೆಸ್ಸೆಲ್ಸಿ, ಏಪ್ರಿಲ್ ಅಂದರೆ ಫಲಿತಾಂಶ ಮತ್ತು ಬಿಸಿಲು, ಜೂನ್ ಅಂದರೆ ದಾಖಲಾತಿ. ಆಗಸ್ಟ್ ಕೊನೆಯ ವಾರ ಒಂದು ಸಲ, ಸಂಕ್ರಾಂತಿ ದಾಟಿ ತೊಗರಿ ರಾಶಿ ಮುಗಿದ ಮೇಲೆ ಇನ್ನೊಂದು ಸಲ. ಎರಡೂ ಸಲ ಅದೇ ಹಾಳೆ, ಒಂದು ಅಕ್ಷರವನ್ನೂ ಬದಲಿಸದೆ. ಮೊದಲ ಸಲದ ಎಣಿಕೆಯ ಹಾಳೆ ಸ್ಟಾಫ್ ರೂಮಿನ ಕಪಾಟಿನಲ್ಲಿರಲಿ, ನೋಟಿಸ್ ಬೋರ್ಡಿಗೆ ಅಂಟಿಸುವುದು ಬೇಡ.